ಸಹಾಯ ಬೇಕು: ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ನೋಂದಣಿ ಸಂಖ್ಯೆ ಎಲ್ಲಿಂದ ತರಬೇಕು?

ಎಲ್ಲರಿಗೂ ನಮಸ್ಕಾರ. ನಾವು ವಿಜಯಪುರದವರು. ನನ್ನ ತಂಗಿ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಮುಗಿಸಿ, ಹೊರರಾಜ್ಯದಲ್ಲಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ (ಉದ್ಯಾನ, ಬಯಲು ಜಾಗಗಳ ವಿನ್ಯಾಸ) ಪಿಜಿ ಮಾಡಿದ್ದಾಳೆ. ಬಿ.ಆರ್ಕ್ (ಕಟ್ಟಡ ವಿನ್ಯಾಸದ ಪದವಿ) ಓದಿಲ್ಲ.

ಈಗ ಇಲ್ಲೊಂದು ಉದ್ಯಾನದ ಟೆಂಡರ್ ಇದೆ. ನಕ್ಷೆ ಎಲ್ಲಾ ರೆಡಿ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಅದಕ್ಕೇ ದಾರಿಯ ಕೆಳಗೆ ಗರಸು ಎಷ್ಟು ಹಾಕಬೇಕು, ಬೇವು, ಹೊಂಗೆ ದಾರಿಯಿಂದ ಎಷ್ಟು ದೂರ ಇರಬೇಕು ಅಂತ ಒಂದೊಂದೂ ಬರೆದಿದ್ದಾಳೆ.

ಆದರೆ ಅರ್ಜಿಯಲ್ಲಿ ‘ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನೋಂದಣಿ ಸಂಖ್ಯೆ’ ಅಂತ ಒಂದು ಕಾಲಂ. ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗುವುದೇ ಇಲ್ಲ. ಕೌನ್ಸಿಲ್ ಅಂದರೆ ಆರ್ಕಿಟೆಕ್ಟ್‌ಗಳನ್ನು ನೋಂದಾಯಿಸುವ ಸಂಸ್ಥೆ; ಆ ನೋಂದಣಿ ಬಿ.ಆರ್ಕ್‌ನಂಥ ಮಾನ್ಯ ಪದವಿ ಇದ್ದವರಿಗೆ ಮಾತ್ರ.

1972ರ ಆರ್ಕಿಟೆಕ್ಟ್ಸ್ ಕಾಯ್ದೆ ತೆಗೆದು ಓದಿದೆ. 37ನೇ ಕಲಂ ಪ್ರಕಾರ ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಅಂತ ಹಾಕಿಕೊಳ್ಳುವಂತಿಲ್ಲ. ಆದರೆ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್‌ಗೆ ಅದೇ ಕಲಂನಲ್ಲಿ ವಿನಾಯಿತಿ ಇದೆ! ಇವರಿಗೆ ಬೇರೆ ಸರ್ಕಾರಿ ಲೈಸೆನ್ಸೂ ಇಲ್ಲ. ಇಸೋಲಾ (ಇಂಡಿಯನ್ ಸೊಸೈಟಿ ಆಫ್ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ಸ್) ಇದೆ, ಅದು ವೃತ್ತಿಯವರ ಸಂಘ ಅಷ್ಟೇ. ಹಾಗಿದ್ದ ಮೇಲೆ ಇಲ್ಲದ ನಂಬರ್ ಎಲ್ಲಿಂದ ತರೋದು?

ಕಚೇರಿಯಲ್ಲಿ ಕಾಯ್ದೆಯ ಪ್ರತಿ ತೋರಿಸಿದೆವು. ‘ನಂಬರ್ ತನ್ನಿ’ ಅಂದರು. ಬೇರೆ ಆರ್ಕಿಟೆಕ್ಟ್ ನಂಬರ್ ಹಾಕಿಬಿಡಿ ಅಂತ ಪರಿಚಯದವರೊಬ್ಬರು ಹೇಳುತ್ತಾರೆ. ಅವಳು ಮಾಡಿದ ಕೆಲಸಕ್ಕೆ ಇನ್ನೊಬ್ಬರ ಹೆಸರು, ಅದು ಸರಿಯಲ್ಲ ಅಲ್ವಾ?

ಬೆಳಗಾವಿ, ಬಾಗಲಕೋಟೆ ಕಡೆ ಈ ವಿನಾಯಿತಿ ತೋರಿಸಿ ಟೆಂಡರ್ ಷರತ್ತು ಬದಲಾಯಿಸಿಕೊಂಡವರು ಯಾರಾದರೂ ಇದ್ದೀರಾ? ಯಾರಿಗೆ ಪತ್ರ ಬರೆದಿರಿ, ಜತೆಗೆ ಯಾವ ದಾಖಲೆ ಇಟ್ಟಿರಿ? ದಯವಿಟ್ಟು ತಿಳಿಸಿ.