ಒಂದೇ ಮೊಲಿ ತೊಟ್ಟಿನಿಂದ ಕೆಂಪು ನೀರು, ಗಂಟಿಲ್ಲ ನೋವಿಲ್ಲ, ಮ್ಯಾಮೊಗ್ರಾಂ ಬೇಕಾ?

ಸಿಂಧನೂರಿನಾಕಿ: ನಮ್ಮಕ್ಕಗ 46 ವರ್ಷ. ಬಲಗಡೆ ತೊಟ್ಟಿನಿಂದ ತಾನ ನೀರು ಬರಾಕತ್ತೈತಿ, ಮೊದ್ಲು ಕುಪ್ಪಸದಾಗ ಸಣ್ಣ ಕಲಿ ಕಂಡಾಗ ಹತ್ತಿ ಬಿಡಸಾಕ ಹೋದಲ್ಲಿ ಏನರ ತರಚಿರಬೇಕು ಅಂತ ಸುಮ್ನಾದ್ಲು, ಈಗ ನೋಡಿದ್ರ ಕಂದುಗೆಂಪು. ಓಣ್ಯಾಗಿನವ್ರು ಉಷ್ಣ ಅಂತಾರ. ಇಲ್ಲೇ ಒಬ್ರು ಡಾಕ್ಟ್ರು ಆ ನೀರು ಗ್ಲಾಸಿನ ಪಟ್ಟಿಗೆ ಹಚ್ಚಿ ಲ್ಯಾಬಿಗೆ ಕಳಸಿದ್ರು, ಕ್ಯಾನ್ಸರ್ ಕಣ ಇಲ್ಲ ಅಂತ ರಿಪೋರ್ಟ್ ಬಂತು. ಇಷ್ಟಕ್ಕ ಬಿಡಬಹುದಾ?

ಗಂಗಾವತಿ ಸಿಸ್ಟರ್: ಬಿಡಬ್ಯಾಡ್ರಿ. ಸರ್ಜರಿ ಓಪಿಡ್ಯಾಗ ಮೊದ್ಲು ಕೇಳೋದ ಇದು, ಒತ್ತಿದ್ರ ಬರ್ತೈತೋ ತಾನ ಬರ್ತೈತೋ, ಒಂದ ಕಡೆನೋ ಎರಡೂ ಕಡೆನೋ, ಒಂದ ರಂಧ್ರದಿಂದನೋ ನಾಕೈದರಿಂದನೋ. ತಾನ ಬರ್ತೈತಿ, ಒಂದ ಕಡೆ, ರಕ್ತದ ಬಣ್ಣ, ಮ್ಯಾಲ 40 ದಾಟೇತಿ ಅಂದ್ರ ಹಗುರ ತಗೊಳ್ಳಂಗಿಲ್ಲ. ಹಂಗಂತ ಹೆದರೋದೂ ಬ್ಯಾಡ, ಬಹಳ ಮಂದಿಗೆ ಹಾಲಿನ ನಾಳದಾಗಿನ ಪ್ಯಾಪಿಲೋಮಾ ಅನ್ನೋ ಸಣ್ಣ ಗಡ್ಡಿ ಇರ್ತೈತಿ, ಕ್ಯಾನ್ಸರ್ ಸಿಗೋದು ಕಡಿಮಿ. ಆದ್ರ ಗ್ಲಾಸಿನ ರಿಪೋರ್ಟ್ ನಂಬಿ ಕೂಡಬ್ಯಾಡ್ರಿ, ಅದ್ರಾಗ ಕಣ ಸಿಗದನೂ ಕ್ಯಾನ್ಸರ್ ಇರಬಹುದು, ನಾಳದ ಒಳಗಷ್ಟ ಇರೋ ಶುರುವಿನ ಹಂತದಾಗ ಕೈಗೆ ಗಂಟೂ ಹತ್ತಂಗಿಲ್ಲ. ಎರಡೂ ಕಡೆ ಮ್ಯಾಮೊಗ್ರಾಂ, ಅಂದ್ರ ಮೊಲಿ ಎಕ್ಸ್‌ರೇ, ಜೊತಿಗೆ ತೊಟ್ಟಿನ ಹಿಂದ ಅಲ್ಟ್ರಾಸೌಂಡ್ ಮಾಡ್ಸ್ರಿ. ಏನರ ಕಂಡ್ರ ಸೂಜಿ ಬಯಾಪ್ಸಿ, ಅಂದ್ರ ಸೂಜಿಲೆ ಸಣ್ಣ ತುಣುಕು ತಗದು ಪರೀಕ್ಷಾ ಮಾಡ್ತಾರ. ಎರಡೂ ನಾರ್ಮಲ್ ಬಂದೂ ಕೆಂಪು ನಿಲ್ಲಲಿಲ್ಲಂದ್ರ ಎಂಆರ್‌ಐ, ಇಲ್ಲಾ ಆ ನಾಳನ ತಗದು ಪರೀಕ್ಷಿಗೆ ಕಳಸ್ತಾರ.

ಮಾನ್ವಿ ಮಂದಿ: ನನಗ ಎರಡೂ ಕಡೆ ಹಾಲಿನಂಗ ಬರ್ತಿತ್ರಿ, ಮಗಳು ಹಾಲು ಬಿಟ್ಟು ಎಷ್ಟೋ ವರ್ಷ ಆಗಿತ್ತು, ಪ್ರೊಲ್ಯಾಕ್ಟಿನ್ (ಹಾಲು ಬರ್ಸೋ ಹಾರ್ಮೋನ್), ಥೈರಾಯ್ಡ್ ಟೆಸ್ಟ್ ಎಲ್ಲಾ ಮಾಡ್ಸಿದ್ರು, ಕಡೀಗೆ ಗ್ಯಾಸಿಗೆ ನುಂಗೋ ಗುಳಿಗ್ಯಾಗ ಲೆವೊಸಲ್ಪಿರೈಡ್ ಇತ್ತು ಅಂತ ಗೊತ್ತಾತು, ಬದಲ್ ಮಾಡಿದ್ಮ್ಯಾಲ ನಿಂತು. ಅಕ್ಕಗೂ ಗುಳಿಗಿ ಬಂದ್ ಮಾಡಿ ನೋಡ್ರಿ.

ಗಂಗಾವತಿ ಸಿಸ್ಟರ್: ವಾಂತಿಗೆ ಕೊಡೋ ಡೋಂಪೆರಿಡೋನ್ ಗುಳಿಗಿಯಿಂದನೂ ಹಂಗಾಗ್ತೈತಿ, ಖರೆ. ಆದ್ರ ಅದು ಹಾಲಿನ ಕಥಿ, ಇದು ರಕ್ತ. ಗುಳಿಗಿ ಬಿಟ್ಟು ಕಾಯಾಕ ಹೋಗಬ್ಯಾಡ್ರಿ.

ಸಿಂಧನೂರಿನಾಕಿ: ನಮ್ಮ ಸಣ್ಣಮ್ಮಗ ಎದಿ ಕ್ಯಾನ್ಸರ್ ಆಗಿತ್ತು, ಅದನ್ನೂ ಹೇಳಬೇಕಾ?

ಗಂಗಾವತಿ ಸಿಸ್ಟರ್: ಹೇಳಲೇಬೇಕು, ಯಾವ ವಯಸ್ಸಿನ್ಯಾಗ ಬಂತು ಅನ್ನೋದೂ. ಮನ್ಯಾಗ ಯಾರಿಗೂ ಇಲ್ಲದಿದ್ರೂ ಟೆಸ್ಟ್ ಇವ ರೀ. ರಾಯಚೂರ್ ರಿಮ್ಸ್ ಸರ್ಕಾರಿ ದವಾಖಾನಿಗೋ ಬಳ್ಳಾರಿಗೋ ಹೋಗ್ರಿ, ಬಿಪಿಎಲ್ ಕಾರ್ಡ್, ಆ ಹಳೇ ರಿಪೋರ್ಟ್ ಮರೀಬ್ಯಾಡ್ರಿ. ಮನ್ಯಾಗ ಹಿಂಡಿ ಹಿಂಡಿ ನೋಡಬ್ಯಾಡ ಅನ್ರಿ, ಹೋಗೋ ದಿನ ಮುಂಜಾನಿ ಅಂತೂ ಮುಟ್ಟದಂಗ ಬಿಡ್ರಿ, ಯಾವ ರಂಧ್ರದಿಂದ ಬರ್ತೈತಿ ಅಂತ ಡಾಕ್ಟ್ರೇ ನೋಡಬೇಕು.