ಮ್ಯಾಂಟಲ್ ಕರಗಿದ ರಸವಾ, ಗಟ್ಟಿ ಕಲ್ಲಾ? ಗುಂಪಿನ ಪ್ರಶ್ನೋತ್ತರ

ಪ್ರಶ್ನೆ (ಶಿರಸಿ, ಅಡಿಕೆ ಬೆಳೆಗಾರ): ನಮಸ್ಕಾರ ಸರ್. ಮಗಳು ವಿಜ್ಞಾನ ಪ್ರದರ್ಶನಕ್ಕೆ ಥರ್ಮಾಕೋಲಿನಲ್ಲಿ ಭೂಮಿ ಮಾಡಿದ್ದಳು. ಹೊರಪದರ ಮತ್ತು ತಿರುಳಿನ ನಡುವಿನ ಮ್ಯಾಂಟಲ್ ಪದರಕ್ಕೆ ಕೆಂಪು ಬಳಿದು 'ಕರಗಿದ ಕಲ್ಲು' ಅಂತ ಚೀಟಿ ಅಂಟಿಸಿದ್ದಳು. ನೋಡಲು ಬಂದ ಯಾರೋ 'ಅದು ಕರಗಿಲ್ಲ ತಂಗೀ, ಗಟ್ಟಿ ಕಲ್ಲು' ಅಂದು ಹೋದರಂತೆ. ಆವತ್ತಿನಿಂದ ನನ್ನ ತಲೆ ತಿನ್ನುತ್ತಿದ್ದಾಳೆ. ಅಷ್ಟು ಬಿಸಿಯಲ್ಲಿ ಕಲ್ಲು ಕರಗುವುದಿಲ್ಲ ಅಂದರೆ ಎಂತ ಮಾರಾಯ್ರೆ?

ಉತ್ತರ: ಹೋದವರು ಹೇಳಿದ್ದು ಸರಿ. ನಿಂತು ಕಾರಣವನ್ನೂ ಹೇಳಿ ಹೋಗಬೇಕಿತ್ತು, ಅಷ್ಟೇ.

ಅಡುಗೆಮನೆಯ ಕುಕ್ಕರ್ ನೋಡಿ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಕುಕ್ಕರಿನೊಳಗೆ ಒತ್ತಡ ಇಮ್ಮಡಿಯಾದರೆ 120 ಡಿಗ್ರಿಯಾದರೂ ನೀರು ನೀರಾಗಿಯೇ ಇರುತ್ತದೆ. ಬಿಸಿ 'ಹರಡಿಕೋ' ಅನ್ನುತ್ತದೆ, ಒತ್ತಡ 'ಬಿಡುವುದಿಲ್ಲ' ಅನ್ನುತ್ತದೆ. ಕಲ್ಲಿನ ಕಥೆಯೂ ಇದೇ. ಮ್ಯಾಂಟಲ್‌ನ ಕಲ್ಲನ್ನು ಮೇಲೆ ತಂದು ಕಾಯಿಸಿದರೆ ಸುಮಾರು 1,100–1,200 ಡಿಗ್ರಿಗೆ ಕರಗಲು ಶುರುವಾಗುತ್ತದೆ. ಆದರೆ 660 ಕಿಮೀ ಆಳದಲ್ಲಿ ಒತ್ತಡ ನಮ್ಮ ಗಾಳಿಯ ಒತ್ತಡದ ಎರಡು ಲಕ್ಷ ಪಟ್ಟಿಗೂ ಹೆಚ್ಚು. ಅಲ್ಲಿ ಬಿಸಿ ಸುಮಾರು 1,600 ಡಿಗ್ರಿ ಇದೆ, ಕರಗಬೇಕಾದರೆ 2,000 ದಾಟಬೇಕು. ಹಾಗಾಗಿ ಗಟ್ಟಿ.

ಗಟ್ಟಿ ಅಂತ ಗೊತ್ತಾಗುವುದು ಭೂಕಂಪದ ಅಲೆಗಳಿಂದ. ಅಡ್ಡಡ್ಡ ಅಲುಗಾಡುತ್ತಾ ಸಾಗುವ 'ಎಸ್' ಅಲೆ ದ್ರವದಲ್ಲಿ ಮುಂದೆ ಹೋಗಲಾರದು. ಅದು ಮ್ಯಾಂಟಲ್ ಪೂರ್ತಿ ದಾಟುತ್ತದೆ, ಸುಮಾರು 2,900 ಕಿಮೀ ಕೆಳಗೆ ಹೊರ ತಿರುಳು ಸಿಕ್ಕಿದಲ್ಲಿ ನಿಲ್ಲುತ್ತದೆ. ದ್ರವ ಇರುವುದು ಅಲ್ಲಿ, ಅದೂ ಕಲ್ಲಲ್ಲ, ಕಬ್ಬಿಣ.

ಗಟ್ಟಿಯಾದರೂ ಹರಿಯುತ್ತದೆ ಅನ್ನುವುದೂ ನಿಜ. ಡಬ್ಬಿಯಲ್ಲಿ ಗಟ್ಟಿಯಾದ ಡಾಂಬರಿಗೆ ಸುತ್ತಿಗೆಯಲ್ಲಿ ಹೊಡೆದರೆ ಚೂರಾಗುತ್ತದೆ, ಓರೆ ಮಾಡಿ ಇಟ್ಟು ಮರೆತರೆ ಇಳಿದು ಬಂದಿರುತ್ತದೆ. ಮ್ಯಾಂಟಲ್ ವರ್ಷಕ್ಕೆ ಕೆಲವು ಸೆಂಟಿಮೀಟರ್ ಸರಿಯುತ್ತದೆ, ಹೆಚ್ಚುಕಮ್ಮಿ ಉಗುರು ಬೆಳೆಯುವ ವೇಗ.

ಪ್ರಶ್ನೆ (ಅದೇ ಶಿರಸಿಯವರು): ಹಾಗಾದರೆ ಲಾವಾ ಎಲ್ಲಿಂದ ಬರುತ್ತದೆ?

ಉತ್ತರ: ಕುಕ್ಕರಿನ ಒತ್ತಡ ಇಳಿಯುವ ಮೊದಲೇ ಮುಚ್ಚಳ ತೆಗೆದರೆ ಏನಾಗುತ್ತದೆ? ಉರಿ ಹೆಚ್ಚು ಮಾಡದಿದ್ದರೂ ಒಳಗಿದ್ದದ್ದು ಭುಸ್ಸಂತ ಕುದಿದು ಮೇಲೇಳುತ್ತದೆ. ಬಿಸಿ ಕಲ್ಲು ಮೇಲೆ ಏರುತ್ತಾ ಬಂದ ಹಾಗೆ ಒತ್ತಡ ಇಳಿಯುತ್ತದೆ, ಬಿಸಿ ಅಷ್ಟು ಬೇಗ ಇಳಿಯುವುದಿಲ್ಲ, ಒಂದು ಪಾಲು ಕರಗುತ್ತದೆ. ಬೆಳಗಾವಿಯಿಂದ ಉತ್ತರಕ್ಕೆ ಹರಡಿದ ಕಪ್ಪು ಬಸಾಲ್ಟ್ ಸುಮಾರು 6.6 ಕೋಟಿ ವರ್ಷದ ಹಿಂದೆ ಹೀಗೇ ಬಂದದ್ದು.

ಪ್ರಶ್ನೆ (ಕುಮಟಾ, ಪಿಯು ವಿದ್ಯಾರ್ಥಿ): ಸರ್, 410 ಮತ್ತು 660 ಕಿಮೀಯಲ್ಲಿ ಅಲೆಗಳ ವೇಗ ಒಮ್ಮೆಲೇ ಜಿಗಿಯುತ್ತದೆ ಅಂತ ಓದಿದೆ. ಅಲ್ಲಿ ಬೇರೆ ಜಾತಿಯ ಕಲ್ಲು ಇದೆಯಾ?

ಉತ್ತರ: ಒಳ್ಳೆಯ ಪ್ರಶ್ನೆ ತಮ್ಮಾ, ನನ್ನ ಹೊಟ್ಟೆಪಾಡೇ ಇದು. ಸಾಮಗ್ರಿ ಬಹುಮಟ್ಟಿಗೆ ಅದೇ, ಜೋಡಣೆ ಬೇರೆ.

ಮಾರಿಕಾಂಬಾ ಜಾತ್ರೆಯ ಸಮಯದ ಬಸ್ಸು ನೆನಪು ಮಾಡಿಕೋ. ಮೊದಲು ಆರಾಮಾಗಿ ಕೂತಿರುತ್ತಾರೆ. ಜನ ಹತ್ತಿದ ಹಾಗೆ ಕಾಲು ಮಡಚಿ, ಚೀಲ ತೊಡೆ ಮೇಲಿಟ್ಟು ಒತ್ತಿ ಕೂರುತ್ತಾರೆ. ಇನ್ನೂ ತುಂಬಿದರೆ ಒತ್ತಿ ಕೂತರೂ ಸಾಲದು, ಕೂರುವ ಕ್ರಮವನ್ನೇ ಬದಲಿಸಬೇಕು. ಮೇಲಿನ ಮ್ಯಾಂಟಲ್‌ನಲ್ಲಿ ಹೆಚ್ಚಿರುವುದು ಒಲಿವಿನ್, ಮೆಗ್ನೀಸಿಯಂ, ಕಬ್ಬಿಣ, ಸಿಲಿಕಾನ್, ಆಮ್ಲಜನಕ ಸೇರಿದ ಹಸಿರು ಹರಳು. 410 ಕಿಮೀ ಅಂದರೆ ಹೆಚ್ಚುಕಮ್ಮಿ ಶಿರಸಿಯಿಂದ ಬೆಂಗಳೂರಿಗೆ ಬಸ್ಸಿನ ದಾರಿ, ನೇರ ಕೆಳಕ್ಕೆ. ಅಲ್ಲಿ ಅದೇ ಪರಮಾಣುಗಳು ಒತ್ತೊತ್ತಾಗಿ ಸೇರಿ ವ್ಯಾಡ್ಸ್ಲೆಯೈಟ್ ಆಗುತ್ತವೆ, 520ರ ಆಸುಪಾಸಿನಲ್ಲಿ ರಿಂಗ್ವುಡೈಟ್. ಅಲ್ಲಿಯವರೆಗೂ ಪ್ರತಿ ಸಿಲಿಕಾನ್ ಸುತ್ತ ನಾಲ್ಕೇ ಆಮ್ಲಜನಕ. 660ಕ್ಕೆ ಆ ಪದ್ಧತಿಯೇ ಮುರಿಯುತ್ತದೆ. ರಿಂಗ್ವುಡೈಟ್ ಒಡೆದು ಬ್ರಿಜ್ಮನೈಟ್ ಮತ್ತು ಫೆರೋಪೆರಿಕ್ಲೇಸ್ ಎಂಬ ಎರಡು ಖನಿಜವಾಗುತ್ತದೆ. ಬ್ರಿಜ್ಮನೈಟಿನಲ್ಲಿ ಸಿಲಿಕಾನ್ ಸುತ್ತ ಆರು ಆಮ್ಲಜನಕ. ಸಾಂದ್ರತೆ ಏರುತ್ತದೆ, ಬಿಗಿ ಅದಕ್ಕಿಂತಲೂ ಹೆಚ್ಚು ಏರುತ್ತದೆ, ಅದಕ್ಕೇ ಅಲೆ ಜೋರಾಗಿ ಓಡುತ್ತದೆ. ತಳದ ಹತ್ತಿರ, ಸುಮಾರು 2,700 ಕಿಮೀಯಲ್ಲಿ, ಬ್ರಿಜ್ಮನೈಟೂ ಮತ್ತೊಂದು ರೂಪ ತಾಳುತ್ತದೆ. ಅದು ಗೊತ್ತಾದದ್ದು 2004ರಲ್ಲಿ.

ಬ್ರಿಜ್ಮನೈಟ್ ಭೂಮಿಯಲ್ಲೇ ಅತಿ ಹೆಚ್ಚು ಇರುವ ಖನಿಜ. ಆದರೂ ಅದಕ್ಕೆ ಹೆಸರು ಸಿಕ್ಕಿದ್ದು 2014ರಲ್ಲಿ! ಪ್ರಕೃತಿಯಲ್ಲಿ ಸಿಕ್ಕಿದ ಮಾದರಿಯನ್ನು ಪರೀಕ್ಷಿಸದೆ ಖನಿಜಕ್ಕೆ ಹೆಸರಿಡುವಂತಿಲ್ಲ. ಕೊನೆಗೆ ಸಿಕ್ಕಿದ್ದು ಆಸ್ಟ್ರೇಲಿಯಾದಲ್ಲಿ 1879ರಲ್ಲಿ ಬಿದ್ದ ಟೆನ್ಹಮ್ ಉಲ್ಕೆಯೊಳಗೆ. ಕಾಲ ಕೆಳಗಿನ ವಸ್ತುವಿಗೆ ಆಕಾಶದಿಂದ ಜನನ ಪ್ರಮಾಣಪತ್ರ.

ಪ್ರಶ್ನೆ (ಕಾರವಾರ): ಅಲ್ಲಿಗೆ ಯಾರೂ ಹೋಗಿಲ್ಲ. ಇದನ್ನೆಲ್ಲ ಊಹೆಯಲ್ಲಿ ಹೇಳುವುದೋ?

ಉತ್ತರ: ಹೋಗಲು ಆಗುವುದಿಲ್ಲ. ರಷ್ಯಾದ ಕೋಲಾದಲ್ಲಿ 12,262 ಮೀಟರ್ ಕೊರೆದರು, ಅದೂ ಹೊರಪದರದೊಳಗೇ ಮುಗಿಯಿತು. ಹಾಗಾಗಿ ನಾವು ಮ್ಯಾಂಟಲನ್ನೇ ಮೇಜಿನ ಮೇಲೆ ಮಾಡಿಕೊಳ್ಳುತ್ತೇವೆ.

ಮೆಟ್ಟುಗತ್ತಿಯ ಬಾಯಿ ಹರಿತ ಇದ್ದಷ್ಟೂ ಅಡಿಕೆ ಸುಲಿಯಲು ಕಡಿಮೆ ಬಲ ಸಾಕು, ಅಲ್ಲವಾ? ಅದೇ ಲೆಕ್ಕ. ಎರಡು ವಜ್ರಗಳ ತುದಿಯನ್ನು ಮಿಲಿಮೀಟರಿನ ಸಣ್ಣ ಭಾಗದಷ್ಟು ಚಪ್ಪಟೆ ಮಾಡಿ, ಎದುರುಬದುರು ಇಟ್ಟು, ನಡುವೆ ಧೂಳಿನ ಕಣದಷ್ಟು ಖನಿಜ ಹಾಕಿ ಸ್ಕ್ರೂ ತಿರುಗಿಸುವುದು. ಕೈಯಲ್ಲಿ ಹಿಡಿಯುವಷ್ಟು ಸಣ್ಣ ಯಂತ್ರ, ಅದರಲ್ಲಿ ಮ್ಯಾಂಟಲ್ ತಳದ ಒತ್ತಡ, ಅಂದರೆ ಗಾಳಿಯ ಒತ್ತಡದ 13 ಲಕ್ಷ ಪಟ್ಟು. ವಜ್ರ ಪಾರದರ್ಶಕ, ಅದರ ಮೂಲಕವೇ ಲೇಸರ್ ಬಿಟ್ಟು ಕಾಯಿಸುತ್ತೇವೆ, ಎಕ್ಸ್‌ರೇ ಹಾಯಿಸಿ ಪರಮಾಣುಗಳ ಜೋಡಣೆ ಓದುತ್ತೇವೆ. ಪಕ್ಕದಲ್ಲಿ ಮಾಣಿಕ್ಯದ ಚೂರು ಇಡುವುದುಂಟು. ಲೇಸರ್ ಬಿದ್ದಾಗ ಅದು ಸೂಸುವ ಕೆಂಪಿನ ಛಾಯೆ ಒತ್ತಡ ಏರಿದಂತೆ ಸರಿಯುತ್ತದೆ, ಅದೇ ನಮ್ಮ ಮೀಟರು. ವಾರಗಟ್ಟಲೆ ಸಿದ್ಧ ಮಾಡಿದ್ದು ಸ್ಕ್ರೂವಿನ ಕೊನೆಯ ಕಾಲು ಸುತ್ತಿಗೆ 'ಟಕ್' ಅಂದು ಎರಡೂ ವಜ್ರ ಹೋದ ದಿನ ನನಗೆ ಊಟ ಸೇರಲಿಲ್ಲ.

ಪ್ರಶ್ನೆ (ಸಿದ್ದಾಪುರ): ವಾಟ್ಸಾಪಿನಲ್ಲಿ ಬಂದಿತ್ತು, ಭೂಮಿಯೊಳಗೆ 600 ಕಿಮೀ ಕೆಳಗೆ ಮಹಾಸಾಗರ ಇದೆಯಂತೆ. ನಮ್ಮ ಬೋರು 500 ಅಡಿಗೂ ಒಣ!

ಉತ್ತರ: ಆ ಸಾಗರದಲ್ಲಿ ಬೋರು ಇಳಿಸಿದರೂ ಕೊಡ ತುಂಬುವುದಿಲ್ಲ ಭಾವ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವಾಗ ಮೈಲುತುತ್ತ (ತಾಮ್ರದ ಸಲ್ಫೇಟ್) ಮುಟ್ಟುತ್ತೀರಿ. ಒಣ ನೀಲಿ ಹರಳು, ಆದರೆ ಅದರ ತೂಕದಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ನೀರೇ. ಕಾಯಿಸಿದರೆ ನೀರು ಹಾರಿ ಬಿಳಿ ಪುಡಿಯಾಗುತ್ತದೆ. ರಿಂಗ್ವುಡೈಟೂ ನೀಲಿಯೇ. ಅದರಲ್ಲಿ ನೀರು ನೀರಾಗಿಯೂ ಇಲ್ಲ, ಹೈಡ್ರೋಜನ್ ಆಮ್ಲಜನಕಕ್ಕೆ ಅಂಟಿಕೊಂಡು ಹರಳಿನ ಭಾಗವೇ ಆಗಿದೆ. ಬ್ರೆಜಿಲ್‌ನ ಜುಯಿನಾದ ಒಂದು ವಜ್ರದೊಳಗೆ ಸಿಕ್ಕಿಬಿದ್ದು ಮೇಲೆ ಬಂದ ರಿಂಗ್ವುಡೈಟ್ ಕಣದ ವರದಿ 2014ರಲ್ಲಿ ಬಂತು, ಅದರಲ್ಲಿ ತೂಕದ ನೂರಕ್ಕೆ ಒಂದೂವರೆ ಪಾಲಿನಷ್ಟು ನೀರು. ಶೇಕಡಾವಾರು ಸಣ್ಣದು, ರಿಂಗ್ವುಡೈಟ್ ಇರುವ ಪದರ ದೊಡ್ಡದು. ಗುಣಿಸಿದಾಗ ಸಾಗರದ ಲೆಕ್ಕ ಬರುತ್ತದೆ. ಆದರೆ ಒಂದು ಕಣ ನೋಡಿ ಇಡೀ ಪದರ ಹಾಗೇ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಒಂದು ಅಡಿಕೆ ಕೊಯ್ದು ತೋಟದ ಫಸಲು ಹೇಳಿದಂತೆ.

ಪ್ರಶ್ನೆ (ಭಟ್ಕಳ, ಈಗ ಮಸ್ಕತ್‌ನಲ್ಲಿ): ನಮ್ಮ ಜಿಲ್ಲೆಯಲ್ಲಿ ಮ್ಯಾಂಟಲ್ ಕಲ್ಲು ಕೈಗೆ ಸಿಗುವ ಜಾಗ ಇದೆಯಾ?

ಉತ್ತರ: ಊರಲ್ಲಿ ಹುಡುಕಬೇಡಿ. ಅಲ್ಲಿಯ ಚಿರೇಕಲ್ಲು, ಕಾರವಾರದ ಗ್ರಾನೈಟು, ಗ್ನೈಸು ಎಲ್ಲ ಹೊರಪದರದವು. ನೀವು ಕಿಟಕಿ ತೆಗೆದು ನೋಡಿ! ಮಸ್ಕತ್ ಸುತ್ತಲಿನ ಗಿಡಮರ ಇಲ್ಲದ ಕಂದು ಗುಡ್ಡಗಳಲ್ಲಿ ಬಹಳಷ್ಟು ಮ್ಯಾಂಟಲ್ ಕಲ್ಲೇ, ಒಂಬತ್ತು ಕೋಟಿ ವರ್ಷಗಳಿಗೂ ಹಿಂದಿನ ಸಮುದ್ರತಳದ ಜೊತೆ ನೆಲದ ಮೇಲೆ ತಳ್ಳಿಕೊಂಡು ಬಂದದ್ದು. ಹೊರಗೆ ಬಿಸಿಲು ಮಳೆಗೆ ಕಂದಾಗಿದೆ, ಹೊಸದಾಗಿ ಮುರಿದ ಮುಖ ಗಾಢ ಹಸಿರು. ಬಿಳಿ ಗೆರೆಗಳು ಕಂಡರೆ ಅವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕಲ್ಲು ಹೀರಿಕೊಂಡು ಆದ ಕಾರ್ಬೋನೇಟ್. ಒಂದು ಫೋಟೋ ಹಾಕಿ, ಶಿರಸಿಯ ಆ ಹುಡುಗಿಗೆ ಮಾದರಿಗೆ ಬಳಿಯಲು ಬಣ್ಣ ಬೇಕಾಗಿದೆ.