ಸೂರ್ಯನಿಗೆ ಕರೆಂಟ್ ಎಲ್ಲಿಂದ ಬರುತ್ತದೆ, ಮಾವ?

ಡೊಂಬಿವಲಿಯಿಂದ ಪ್ರಶ್ನೆ:
ಅಕ್ಕನ ಮಗ ನಮ್ಮಲ್ಲೇ ಇದ್ದು 12ನೇ ಕ್ಲಾಸ್ ಓದುತ್ತಿದ್ದಾನೆ. ಆರು ತಿಂಗಳಿಂದ ರಾತ್ರಿಯಿಡೀ ವಿಡಿಯೊ. ಸೂರ್ಯ ಒಳಗಿಂದ ಉರಿಯುತ್ತಿಲ್ಲವಂತೆ, ಆಕಾಶದಿಂದ ಹರಿದು ಬರುವ ವಿದ್ಯುತ್ತಿನಿಂದ ಬೆಳಗುತ್ತದಂತೆ. ಧೂಮಕೇತುವಿನ ಬಾಲ, ಚಂದ್ರನ ಕುಳಿ, ಎಲ್ಲವೂ ಕರೆಂಟಿನ ಕೆಲಸವಂತೆ. "ಮಾವ, ನಿಮ್ಮ ಪುಸ್ತಕ ಪೂರಾ ಸುಳ್ಳು" ಅನ್ನುತ್ತಾನೆ. ನಾನು ಬ್ಯಾಂಕಿನವನು, ಉತ್ತರ ಕೊಡಲು ಬರುವುದಿಲ್ಲ. ಬೈದರೆ ಬಾಗಿಲು ಹಾಕಿಕೊಳ್ಳುತ್ತಾನೆ. ಯಾರಿಗಾದರೂ ಇಂಥ ಅನುಭವ ಆಗಿದೆಯಾ?

ಠಾಣೆಯಿಂದ ಉತ್ತರ:
ಆಗಿದೆ. ಮಕ್ಕಳಿಗಲ್ಲ, ನನಗೇ. ಹೈ ವೋಲ್ಟೇಜ್ ಸ್ವಿಚ್‌ಯಾರ್ಡ್‌ನಲ್ಲಿ 31 ವರ್ಷ ದುಡಿದವನು. ಮಳೆಗಾಲದ ರಾತ್ರಿ ಇನ್ಸುಲೇಟರ್ ಸುತ್ತ ನೇರಳೆ ಬೆಳಕು ಚಿರ್ರ್ ಅನ್ನುವುದನ್ನು ನೋಡಿದವನಿಗೆ, ಸೂರ್ಯನ ಕರೋನಾ (ಪೂರ್ಣ ಗ್ರಹಣದಲ್ಲಿ ಸುತ್ತ ಕಾಣುವ ಪ್ರಭೆ) ಚಿತ್ರ ತೋರಿಸಿ "ಇದೂ ಅದೇ" ಅಂದರೆ ನಂಬಿಕೆ ಬರದೆ ಇರುತ್ತಾ? ರಿಟೈರ್ ಆದ ಮೇಲೆ ಎರಡು ವರ್ಷ ಅದರಲ್ಲೇ ಮುಳುಗಿದ್ದೆ.

ಬಿಡಿಸಿದ್ದೂ ನನ್ನ ಕಸುಬೇ. ಲೋಡ್ ಇದ್ದಲ್ಲಿ ಲೈನ್ ಇರಬೇಕು. ಸೂರ್ಯನ ಲೋಡ್ ಅಂದರೆ 38 ಬರೆದು ಮುಂದೆ 25 ಸೊನ್ನೆ ಇಟ್ಟಷ್ಟು ವಾಟ್. ಅಷ್ಟು ಹೊರಗಿಂದ ಬರುತ್ತಿದ್ದರೆ ದಾರಿಯಲ್ಲಿ ಮೀಟರ್ ಓಡಬೇಕಲ್ವಾ? ಮೀಟರ್ ಇಟ್ಟಿದ್ದಾರೆ. ಭೂಮಿಯಿಂದ 15 ಲಕ್ಷ ಕಿ.ಮೀ. ಆಚೆ 2024ರ ಜನವರಿಯಿಂದ ನಮ್ಮ ಆದಿತ್ಯ-ಎಲ್1 ನೌಕೆ ಸೌರಮಾರುತದ, ಅಂದರೆ ಸೂರ್ಯನಿಂದ ಬೀಸುವ ಗಾಳಿಯ, ಕಣ ಎಣಿಸುತ್ತಾ ಕೂತಿದೆ. ಅಮೆರಿಕದ ಪಾರ್ಕರ್ ನೌಕೆ ಅದೇ ವರ್ಷ ಡಿಸೆಂಬರ್‌ನಲ್ಲಿ ಸೂರ್ಯನಿಗೆ 61 ಲಕ್ಷ ಕಿ.ಮೀ. ಹತ್ತಿರ ಹೋಗಿ ಬಂತು. ಪ್ಲಸ್ಸು, ಮೈನಸ್ಸು ಕಣ ಎರಡೂ ಜೊತೆಯಾಗಿ ಹೊರಗೇ ಹರಿಯುತ್ತಿವೆ. ಸೂರ್ಯನನ್ನು ಬೆಳಗಿಸುವಂಥ ಸಪ್ಲೈ ಒಳಗೆ ಬರುವುದು ಎಲ್ಲೂ ಸಿಕ್ಕಿಲ್ಲ.

ಇನ್ನು ನ್ಯೂಟ್ರಿನೊ. ಒಳಗೆ ಹೈಡ್ರೋಜನ್ ಬೆಸೆದು ಹೀಲಿಯಂ ಆಗುವಾಗ ಹೊರಡುವ ಹೊಗೆ ಅಂದ್ಕೊಳ್ಳಿ. ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 6500 ಕೋಟಿ ದಾಟಿ ಹೋಗುತ್ತವೆ. ಅಮೆರಿಕದ ವಿಜ್ಞಾನಿ ರೇ ಡೇವಿಸ್ 1960ರ ದಶಕದ ಕೊನೆಯಲ್ಲಿ ಎಣಿಸಲು ಕೂತಾಗ ಲೆಕ್ಕದ ಪ್ರಕಾರ ಸಿಗಬೇಕಾದ್ದರಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಸಿಕ್ಕಿತು. ವಿಡಿಯೊದವರು ಕತೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ! ಉಳಿದವು ದಾರಿಯಲ್ಲಿ ವೇಷ ಬದಲಿಸಿ ಬೇರೆ ಬಗೆಯ ನ್ಯೂಟ್ರಿನೊ ಆಗುತ್ತಿದ್ದವು ಅಂತ ಕೆನಡಾದ ಸಡ್‌ಬರಿ ಗಣಿಯ ಪ್ರಯೋಗ 2001-02ರಲ್ಲಿ ತೋರಿಸಿತು. ನೀವು ಬ್ಯಾಂಕಿನವರು, ಲೆಕ್ಕ ಟ್ಯಾಲಿ ಆಗುವುದು ಅಂದರೇನು ಅಂತ ನಾನು ಹೇಳಬೇಕಿಲ್ಲ.

ಪುಣೆ, ಕೋಥ್ರೂಡ್:
ಸರ್ ಹೇಳಿದ್ದು ಸರಿ. ಆದರೆ ಹುಡುಗನ ಹತ್ತಿರ ಅಲ್ಲಿಂದ ಶುರು ಮಾಡಬೇಡಿ. ನಾನು ಮಗಳ ಜೊತೆ ಹಾಗೆ ಮಾಡಿ ಕೆಟ್ಟೆ. "ಆಕಾಶದಲ್ಲಿ ಎಲ್ಲಿಯ ಕರೆಂಟೇ, ಸುಮ್ನಿರು" ಅಂದುಬಿಟ್ಟೆ. ಮರುದಿನ ಬಿರ್ಕ್‌ಲ್ಯಾಂಡ್ ಹೆಸರು ತಂದು ಮುಖಕ್ಕೆ ಹಿಡಿದಳು. ನಾರ್ವೆಯ ವಿಜ್ಞಾನಿ. ನೂರು ವರ್ಷಕ್ಕೂ ಹಿಂದೆ, ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಅಯಸ್ಕಾಂತದ ಗುಂಡು ಇಟ್ಟು, ಅದರ ಧ್ರುವಗಳ ಸುತ್ತ ಬೆಳಕು ಬರಿಸಿ ತೋರಿಸಿದ್ದರು. ಧ್ರುವಪ್ರಭೆಗೆ ಕಾರಣ ಮೇಲಿಂದ ಇಳಿಯುವ ಕರೆಂಟು ಅಂದರು. ಎಷ್ಟೋ ಕಾಲ ಅನೇಕರು ಒಪ್ಪಲಿಲ್ಲ. ಉಪಗ್ರಹಗಳು ಹೋಗಿ ಅಳೆದ ಮೇಲೆ ನಿಜ ಅಂತಾಯಿತು. ಸ್ವೀಡನ್ನಿನ ವಿಜ್ಞಾನಿ ಆಲ್ವೇನ್ ಕತೆಯೂ ಇಂಥದ್ದೇ. ಪ್ಲಾಸ್ಮಾದ (ಪ್ಲಸ್ಸು, ಮೈನಸ್ಸು ಕಣ ಬಿಡಿಬಿಡಿಯಾಗಿರುವ ಅನಿಲದ) ಅಲೆಗಳ ಬಗ್ಗೆ ಅವರು ಬರೆದದ್ದು 1942ರಲ್ಲಿ, ನೊಬೆಲ್ ಬಂದದ್ದು 1970ರಲ್ಲಿ. ಅಂದರೆ ನಿಮ್ಮ ಹುಡುಗನ ಅರ್ಧ ಮಾತು ಸರಿ. ಆ ಅರ್ಧವನ್ನು ಮೊದಲು ಒಪ್ಪಿಕೊಳ್ಳಿ.

ಆಮೇಲೆ ವಿಜ್ಞಾನ ದಿನದ ಹೊತ್ತಿಗೆ, ಫೆಬ್ರವರಿ 28ರ ಆಸುಪಾಸು, ನಾರಾಯಣಗಾಂವ್ ಹತ್ತಿರದ ಖೋಡದ್‌ಗೆ ಕರ್ಕೊಂಡು ಹೋಗಿ. ರೇಡಿಯೊ ದೂರದರ್ಶಕದ 30 ಡಿಶ್, ಒಂದೊಂದೂ 45 ಮೀಟರ್ ಅಗಲ. ಕೆಳಗೆ ನಿಂತು ನೋಡಿದರೆ ಬರೀ ತೆಳು ತಂತಿಯ ಜಾಲರಿ, ಅದರಾಚೆ ಆಕಾಶ. ಮಗಳು ಅಲ್ಲಿದ್ದ ಸಂಶೋಧಕನಿಗೆ ಹಿಂದಿಯಲ್ಲಿ "ನೀವು ಪ್ಲಾಸ್ಮಾ ಒಪ್ಪಲ್ಲ ಅಲ್ವಾ" ಅಂತ ನೇರವಾಗಿ ಕೇಳಿದಳು. ಆತ ನಕ್ಕು, "ದಿನವಿಡೀ ಅದರದ್ದೇ ಸದ್ದು ಕೇಳುತ್ತಾ ಕೂತಿರೋದು ನಾವು" ಅಂದ. ವಾಪಸ್ ಬರುವಾಗ ದಾರಿಯುದ್ದಕ್ಕೂ ಇವಳು ತುಟಿ ಬಿಚ್ಚಲಿಲ್ಲ.

ಇನ್ನೊಂದು ಮಾತು. ವಿಜ್ಞಾನಿಗಳು ಬೇರೆ ವಿಚಾರದವರನ್ನು ಹತ್ತಿಕ್ಕುತ್ತಾರೆ ಅಂದರೆ ನಮ್ಮ ಪುಣೆಯ ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಅವರ ಹೆಸರು ಹೇಳಿ. ವಿಶ್ವದ ಹುಟ್ಟಿನ ಬಿಗ್ ಬ್ಯಾಂಗ್ ಸಿದ್ಧಾಂತ ಒಪ್ಪದೆಯೇ ಬಾಳಿದವರು. ಬದಲಿ ಸಿದ್ಧಾಂತವನ್ನು ಸಮೀಕರಣ ಸಮೇತ ಬರೆದರು, ಪೆಟ್ಟೂ ತಿಂದರು. 1988ರಲ್ಲಿ ಶುರುವಾದ ಪುಣೆಯ ಖಗೋಳ ಸಂಶೋಧನಾ ಸಂಸ್ಥೆ ಐಯುಕಾಗೆ ಅವರೇ ಮೊದಲ ನಿರ್ದೇಶಕರು. ಬಿಗ್ ಬ್ಯಾಂಗ್ ಮೇಲಿನ ಸಂಶೋಧನೆ ಅಲ್ಲೂ ನಡೆಯುತ್ತದೆ!

ಮುಲುಂಡ್:
ಚಂದ್ರನ ಕುಳಿ ಕರೆಂಟಿನಿಂದ ಆದದ್ದು ಅನ್ನುವ ವಾದಕ್ಕೆ ಬುಲ್ಢಾಣಾ ಜಿಲ್ಲೆಯ ಲೋಣಾರ್ ಕುಳಿ-ಕೆರೆ ತೋರಿಸಿ. ಉಲ್ಕೆ ಬಿದ್ದು ಆದದ್ದು, ಸುಮಾರು 1.8 ಕಿ.ಮೀ. ಅಗಲ. ಕೆರೆಯ ತಳ ಕೊರೆದಾಗ ನೂರಾರು ಮೀಟರ್ ಆಳದವರೆಗೆ ಬಡಿತಕ್ಕೆ ಚೂರಾದ ಬಂಡೆ ಸಿಕ್ಕಿದೆ. ನೀರಿನ ವಾಸನೆಗೆ ಕರ್ಚೀಫ್ ಇಟ್ಕೊಳ್ಳಿ.

ಮತ್ತೆ ಡೊಂಬಿವಲಿ:
ನಿನ್ನೆ ಊಟಕ್ಕೆ ಕೂತಾಗ "ಬಿರ್ಕ್‌ಲ್ಯಾಂಡ್ ಹೇಳಿದ್ದು ಸರಿಯಂತೆ ಕಣೋ" ಅಂದೆ. ಚಪಾತಿ ಕೈಯಲ್ಲೇ ಉಳಿಯಿತು. "ನಿಮಗೆ ಹೇಗೆ ಗೊತ್ತು ಮಾವ?" ಅಂದ. ಆಮೇಲೆ ಮೆಲ್ಲಗೆ ಸೂರ್ಯನ ಮೀಟರ್ ವಿಷಯ ತೆಗೆದೆ. ಹುಡುಕಿ ಹೇಳುತ್ತೇನೆ ಅಂದು ಎದ್ದು ಹೋದ. ಬಾಗಿಲು ಹಾಕಲಿಲ್ಲ. ಖೋಡದ್‌ಗೆ ನಮ್ಮ ಕಡೆಯಿಂದ ಮಾಳ್ಶೇಜ್ ಘಾಟ್ ದಾರಿ ಸಲೀಸಾ, ಇಲ್ಲಾ ಪುಣೆ ಮೇಲೆ ಬರಬೇಕಾ?